ಆಂಡರ್ಸನ್ ವ್ಯಾಲಿ ಕಡೆ ಎರಡು ದಿನ, ಜೊತೆಗೆ ವೈನ್ ಮುಟ್ಟದ ಅಪ್ಪ ಅಮ್ಮ: ಹೋಗ್ಬಹುದಾ?

ಸಂಜೆಮಲ್ಲಿಗೆ

ನಮಸ್ಕಾರ ಎಲ್ರಿಗೂ. ಅಕ್ಟೋಬರ್ ಮೊದಲ ವಾರ ನಾನು, ನಮ್ಮನೆಯವರು, ಅಪ್ಪ, ಅಮ್ಮ ನಾಲ್ಕೂ ಜನ ಕ್ಯಾಲಿಫೋರ್ನಿಯಾದ ಮೆಂಡಸೀನೋ ಕೌಂಟಿ ಕಡೆ ಹೊರಟಿದ್ದೀವಿ. ವೈನಿಗೆ ಹೆಸರಾದ ನಾಪಾ ಕಣಿವೆ ಬೇಡ ಅಂತ ಮನೇಲಿ ಮೊದ್ಲೇ ತೀರ್ಮಾನ ಆಗೋಗಿದೆ, ಆ ಟ್ರಾಫಿಕ್ಕು ಆ ರೇಟು ಎರಡೂ ನಮ್ಮ ಕೈಲಿ ಆಗಲ್ಲ. ಆಫೀಸಲ್ಲಿ ಒಬ್ರು ಆಂಡರ್ಸನ್ ವ್ಯಾಲಿಗೆ ಹೋಗಿ, ಬೂನ್‌ವಿಲ್, ಫೈಲೋ ನೋಡ್ಕೊಂಡು ಹಾಗೇ ಸಮುದ್ರಕ್ಕೆ ಇಳೀರಿ ಅಂದ್ರು. ಮ್ಯಾಪ್ ತೆಗೆದು ನೋಡಿದ್ರೆ ಒಂದು ರೋಡು, ಅದರ ಮೇಲೆ ನಾಲ್ಕು ಚುಕ್ಕಿ, ಅಷ್ಟೇ!

ಕಷ್ಟ ಏನಂದ್ರೆ ಅಪ್ಪ ಅಮ್ಮ ಇಬ್ರೂ ವೈನ್ ಮುಟ್ಟಲ್ಲ, ಮೊಟ್ಟೆನೂ ತಿನ್ನಲ್ಲ, ಅಮ್ಮಂಗೆ ತಿರುವು ರಸ್ತೆ ಅಂದ್ರೆ ಹೊಟ್ಟೆ ತೊಳಸತ್ತೆ, ಅಪ್ಪಂಗೆ ಮಂಡಿನೋವು. ನಮ್ಮಿಬ್ಬರಿಗೆ ಪಿನೋ ನ್ವಾರ್ ಅನ್ನೋ ಕೆಂಪು ವೈನ್ ಅಂದ್ರೆ ಇಷ್ಟ. ಇವರನ್ನ ಕರ್ಕೊಂಡು ವೈನ್ ಊರಿಗೆ ಹೋಗೋದು ಸರಿನಾ? ಹೋಗಿಬಂದೋರು ಹೇಳಿ ಪ್ಲೀಸ್.

ದಾರಿಹೋಕ

ಧಾರಾಳವಾಗಿ ಹೋಗಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಎರಡೂವರೆ ಗಂಟೆ ಡ್ರೈವು. ಹೈವೇ 101 ಹಿಡ್ಕೊಂಡು ಕ್ಲೋವರ್‌ಡೇಲ್ ತನಕ ಆರಾಮ್, ಅಲ್ಲಿ ಎಡಕ್ಕೆ ಹೈವೇ 128ಕ್ಕೆ ತಿರುಗಿದ ಮೇಲೇ ನಿಜವಾದ ಕಥೆ ಶುರು. ಅಲ್ಲಿಂದ ಸಮುದ್ರದ ತನಕ ಐವತ್ತಾರು ಮೈಲಿ ಚಿಲ್ರೆ, ಯಾರ್ಕ್‌ವಿಲ್, ಬೂನ್‌ವಿಲ್, ಫೈಲೋ, ನವಾರೋ, ಇಷ್ಟೇ ಊರು, ಆಮೇಲೆ ರೆಡ್‌ವುಡ್ ಕಾಡು, ಆಮೇಲೆ ಹೈವೇ 1.

ಪ್ಲಾನ್ ಸಿಂಪಲ್. ಬೆಳಿಗ್ಗೆ ಹತ್ತಕ್ಕೆ ಬೂನ್‌ವಿಲ್ ಮುಟ್ಟಿ, ವೈನರಿಗಳು ಎಲ್ಲಾ 128ರ ಅಕ್ಕಪಕ್ಕದಲ್ಲೇ ಇವೆ, ಒಂದೊಂದಕ್ಕೆ ಅರ್ಧ ಗಂಟೆ ಅಂತ ಇಟ್ಕೊಂಡ್ರೂ ಆರು ಏಳು ವೈನರಿ ಮುಗಿಸಿ ಸಾಯಂಕಾಲ ಸೂರ್ಯಾಸ್ತಕ್ಕೆ ಬೀಚಲ್ಲಿ ಇರಬಹುದು ಗುರು.

ಬೆಟ್ಟದಾಚೆ

ಆರು ಏಳಾ? ಯಾರು ಡ್ರೈವ್ ಮಾಡೋದು ಸ್ವಾಮಿ?

ನಾನಿರೋದು ಯುಕಾಯದಲ್ಲಿ, ಬೆಟ್ಟದ ಈ ಕಡೆ, ಬೂನ್‌ವಿಲ್ಲಿಗೆ 253ರಲ್ಲಿ ಹದಿನೇಳು ಮೈಲಿ. ಕೆಲಸದ ಮೇಲೆ ಆ ಕಣಿವೆಗೆ ಹೋಗ್ತಾ ಬರ್ತಾ ಇರ್ತೀನಿ. ಶನಿವಾರ ಸಂಜೆ 128ರಲ್ಲಿ ಬರೋ ಕಾರುಗಳನ್ನ ನೋಡಿದ್ರೆ ಭಯ ಆಗತ್ತೆ. ಒಂದೇ ಲೇನು, ಬೀದಿದೀಪ ಇಲ್ಲ, ಜಿಂಕೆ ಅಡ್ಡ ಬರತ್ತೆ, ಮರದ ದಿಮ್ಮಿ ಹೇರಿದ ಲಾರಿ ಎದುರು ಬರತ್ತೆ. ರಕ್ತದಲ್ಲಿ ಆಲ್ಕೋಹಾಲಿನ ಲೀಗಲ್ ಲಿಮಿಟ್ ಶೇಕಡ 0.08, ಏಳು ಕಡೆ ರುಚಿ ನೋಡಿದ್ರೆ ಅದು ಎಲ್ಲೋ ದಾಟಿಹೋಗಿರತ್ತೆ. ಊಬರ್ ಸಿಗತ್ತೆ ಅಂದ್ಕೋಬೇಡಿ, ಅರ್ಧ ದಾರಿಲಿ ಫೋನ್ ಸಿಗ್ನಲ್ಲೇ ಇರಲ್ಲ.

ಮತ್ತೆ ಅದು ಬರೀ ವೈನ್ ಕುಡಿಯೋ ಜಾಗ ಅಲ್ಲ, ಒಂದು ಊರು. ಬೂನ್‌ವಿಲ್ಲಲ್ಲಿ ಸಾವಿರ ಚಿಲ್ಲರೆ ಜನ. ಒಂದು ಸ್ಕೂಲು, ಒಂದು ಕ್ಲಿನಿಕ್ಕು, ಬೆಂಕಿ ಬಿದ್ರೆ ಓಡಿಬರೋ ವಾಲಂಟಿಯರುಗಳು, ಫೇರ್‌ಗ್ರೌಂಡ್. ಜನ ಅಲ್ಲಿ ಕೆಲಸ ಮಾಡ್ಕೊಂಡು ಬದುಕ್ತಿದ್ದಾರೆ.

@ಸಂಜೆಮಲ್ಲಿಗೆ ನಿಮ್ಮ ಅಪ್ಪ ಅಮ್ಮನೇ ನಿಮಗೆ ವರ ಕಣ್ರೀ. ಅವರಿದ್ರೆ ನೀವು ಎರಡಕ್ಕಿಂತ ಜಾಸ್ತಿ ವೈನರಿ ಮಾಡಲ್ಲ, ಮಾಡಲೂಬಾರದು. ಉಳಿದ ಹೊತ್ತಲ್ಲಿ ಕಣಿವೆ ನೋಡ್ತೀರ.

ದಾರಿಹೋಕ

ಅಯ್ಯೋ ಬೈಬೇಡಿ ಅಕ್ಕ, ರುಚಿ ನೋಡಿ ಉಗಿಯೋಕೆ ಬಕೆಟ್ ಇಟ್ಟಿರ್ತಾರಲ್ಲ 😅

ಬೆಟ್ಟದಾಚೆ

ಇಟ್ಟಿರ್ತಾರೆ. ಅದನ್ನ ಎಷ್ಟು ಜನ ಮುಟ್ತಾರೆ ಹೇಳಿ ನೋಡೋಣ.

ಪಿನೋಪ್ರಿಯ

ಸರಿ, ವೈನ್ ವಿಷ್ಯ ನಾನು ಹೇಳ್ತೀನಿ, ಜಗಳ ಆಮೇಲೆ ಮುಂದುವರ್ಸಿ.

ಈ ಕಣಿವೆ ಯಾಕೆ ಬೇರೆ ಅಂದ್ರೆ ಅದು ವಾಯವ್ಯಕ್ಕೆ ಬಾಯಿ ತೆರ್ಕೊಂಡಿದೆ, ನವಾರೋ ನದಿ ಸಮುದ್ರ ಸೇರೋ ದಾರಿಲೇ ಮಂಜು ಒಳಗೆ ಬರತ್ತೆ. ರಾತ್ರಿ ಬಂದ ಮಂಜು ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಕರಗತ್ತೆ, ಮಧ್ಯಾಹ್ನ ಬಿಸಿಲು ಚುರುಗುಟ್ಟತ್ತೆ, ಸಂಜೆ ಮತ್ತೆ ಚಳಿ. ಒಂದೇ ದಿನದಲ್ಲಿ ನಲವತ್ತು ಐವತ್ತು ಡಿಗ್ರಿ ಫ್ಯಾರನ್‌ಹೀಟ್ ಏರುಪೇರು ಆಗೋದುಂಟು. ಹಗಲಲ್ಲಿ ಹಣ್ಣಿಗೆ ಸಿಹಿ ಬರತ್ತೆ, ರಾತ್ರಿ ತಂಪಿಗೆ ಹುಳಿ ಉಳ್ಕೊಳತ್ತೆ. ಪಿನೋ ನ್ವಾರ್, ಗೆವುರ್ಜ್‌ಟ್ರಾಮಿನರ್, ರೀಸ್ಲಿಂಗ್ ಮೂರೂ ದ್ರಾಕ್ಷಿ ತಳಿ ಅಲ್ಲಿ ನಿಂತಿರೋದು ಅದಕ್ಕೆ. ಬೂನ್‌ವಿಲ್ ಕಡೆ ಸ್ವಲ್ಪ ಬೆಚ್ಚಗೆ, ನವಾರೋ ಕಡೆಗೆ ಹೋದಂಗೆ ತಂಪು ಜಾಸ್ತಿ, ಆ ತುದಿನ ಸ್ಥಳೀಯರು ಡೀಪ್ ಎಂಡ್ ಅಂತಾರೆ.

ಇತಿಹಾಸ ತುಂಬಾ ಹಳೇದೇನಲ್ಲ. 1971ರಲ್ಲಿ ಹಷ್ ಶುರು ಆಯ್ತು, ಕಣಿವೆಯ ಮೊದಲ ಬಾಂಡೆಡ್ (ಸರ್ಕಾರದ ಪರವಾನಗಿ ಇರೋ) ವೈನರಿ ಅದು, ಟೇಸ್ಟಿಂಗ್ ರೂಮು ಇವತ್ತಿಗೂ ಹಳೇ ಮರದ ಕೊಟ್ಟಿಗೆ ಥರದ ಪುಟ್ಟ ಕಟ್ಟಡ. ಆಮೇಲೆ ನವಾರೋ ವಿನ್‌ಯಾರ್ಡ್ಸ್. 1982ರಲ್ಲಿ ಫ್ರಾನ್ಸಿನ ಶಾಂಪೇನ್ ಮನೆ ಲೂಯಿ ರೋಡರರ್ ಬಂದು ಇಲ್ಲಿ ಜಾಗ ಮಾಡ್ತು, ಚಳಿ ಪ್ರದೇಶ ಹುಡುಕ್ಕೊಂಡು ಬಂದೋರು ಅವರು, ಸ್ಪಾರ್ಕ್ಲಿಂಗ್ ಅಂದ್ರೆ ಗುಳ್ಳೆ ಏಳೋ ವೈನಿಗೆ ಹುಳಿ ಬೇಕಲ್ಲ. 1983ರಲ್ಲಿ ಆಂಡರ್ಸನ್ ವ್ಯಾಲಿಗೆ ಸರ್ಕಾರದಿಂದ ಎವಿಎ, ಅಂದ್ರೆ ಗುರುತಿಸಿದ ದ್ರಾಕ್ಷಿ ಪ್ರದೇಶ ಅನ್ನೋ ಮಾನ್ಯತೆ ಸಿಕ್ತು, ಹಾಗಾಗಿ ಬಾಟಲಿ ಮೇಲೆ ಆ ಹೆಸರು ಹಾಕ್ಬೇಕಂದ್ರೆ ದ್ರಾಕ್ಷಿಲಿ ಶೇಕಡ 85 ಅಲ್ಲೇ ಬೆಳೆದಿರಬೇಕು.

ನಿಮಗೆ ನನ್ನ ಸಲಹೆ ಒಂದೇ: ನವಾರೋ ವಿನ್‌ಯಾರ್ಡ್ಸ್ ಬಿಡಬೇಡಿ. ಯಾಕಂದ್ರೆ ಅವರು ಆಲ್ಕೋಹಾಲ್ ಇಲ್ಲದ ದ್ರಾಕ್ಷಿ ಜ್ಯೂಸ್ ಮಾಡ್ತಾರೆ, ಅದೇ ಗೆವುರ್ಜ್‌ಟ್ರಾಮಿನರ್, ಅದೇ ಪಿನೋ ನ್ವಾರ್ ಹಣ್ಣಿಂದ, ವೈನ್ ಬಾಟಲಿಲೇ ಬರತ್ತೆ. ನೀವು ವೈನ್ ರುಚಿ ನೋಡುವಾಗ ಅಪ್ಪ ಅಮ್ಮ ಅದೇ ಹಣ್ಣಿನ ರಸ ಕುಡೀಬಹುದು. ಗೆವುರ್ಜ್ ಜ್ಯೂಸಿಗೆ ಗುಲಾಬಿ, ಲಿಚಿ ಥರದ ಘಮ, ನಮ್ಮಮ್ಮ ಒಂದು ಬಾಟಲಿ ಒಬ್ಬಳೇ ಖಾಲಿ ಮಾಡಿದ್ಳು.

ಸಂಜೆಮಲ್ಲಿಗೆ

ಇದು ಸೂಪರ್!! ಜ್ಯೂಸ್ ವಿಷ್ಯ ಅಮ್ಮಂಗೆ ಹೇಳ್ದೆ, "ಹಂಗಾದ್ರೆ ಬರ್ತೀನಿ ಬಿಡು" ಅಂದ್ರು. ಇಷ್ಟೊತ್ತು ಮನೇಲೇ ಇರ್ತೀನಿ ಅಂತಿದ್ರು.

ಟೇಸ್ಟಿಂಗಿಗೆ ಮುಂಚೆನೇ ಬುಕ್ ಮಾಡ್ಬೇಕಾ?

ಪಿನೋಪ್ರಿಯ

ನಾಲ್ಕು ಜನಕ್ಕಿಂತ ಜಾಸ್ತಿ ಇದ್ರೆ ಮಾಡ್ಲೇಬೇಕು ಅಂದ್ಕೊಳ್ಳಿ. ಕಡಿಮೆ ಇದ್ರೂ ಶನಿವಾರ ಭಾನುವಾರಕ್ಕೆ ಒಂದು ಫೋನ್ ಮಾಡಿ, ಕೆಲವು ಕಡೆ ಅಪಾಯಿಂಟ್‌ಮೆಂಟ್ ಇಲ್ದೆ ಬಿಡಲ್ಲ. ಫೀಸು ವೈನರಿ ವೈನರಿಗೆ ಬೇರೆ, ಬಾಟಲಿ ತಗೊಂಡ್ರೆ ಸುಮಾರು ಕಡೆ ಅದನ್ನ ಬಿಟ್ಟುಕೊಡ್ತಾರೆ. ಅಪ್ಪ ಅಮ್ಮ ಕುಡಿಯಲ್ಲ ಅಂತ ಬುಕ್ ಮಾಡುವಾಗಲೇ ಹೇಳಿ, ಅವರಿಗೂ ಸೇರಿಸಿ ಫೀಸ್ ಹಾಕ್ಬಿಟ್ರೆ ಅಲ್ಲಿ ನಿಂತು ವಾದ ಮಾಡೋದು ಯಾರಿಗೂ ಚಂದ ಅಲ್ಲ. ಇಬ್ರೂ ಒಂದೇ ಟೇಸ್ಟಿಂಗ್ ಹಂಚ್ಕೊತೀವಿ ಅಂದ್ರೆ ಬೇಜಾರು ಮಾಡ್ಕೊಳಲ್ಲ. ಡ್ರೈವ್ ಮಾಡೋರಿಗೂ ಅದೇ ಒಳ್ಳೇದು.

ಇನ್ನೊಂದು, ಅರ್ಧ ಕುಡಿದ ಬಾಟಲಿ ಕಾರಲ್ಲಿ ಸೀಟಿನ ಪಕ್ಕ ಇಟ್ಕೊಂಡು ಬರಬೇಡಿ. ಓಪನ್ ಆಗಿರೋ ಬಾಟಲಿ ಡಿಕ್ಕಿಲೇ ಇರಬೇಕು, ಕ್ಯಾಲಿಫೋರ್ನಿಯಾ ಕಾನೂನು.

ಜೋಳದರೊಟ್ಟಿ

ಊಟದ ಬಗ್ಗೆ ಯಾರೂ ಹೇಳವಲ್ರಲ್ಲ, ನಾ ಹೇಳ್ತೀನ್ರಿ.

ಶುದ್ಧ ಶಾಖಾಹಾರಿಗಳಿಗೆ ಅಲ್ಲಿ ಹೊಟ್ಟಿ ತುಂಬ್ತದ, ಆದ್ರ ಕೇಳಿ ತಿನ್ಬೇಕು. ಬೂನ್‌ವಿಲ್‌ದಾಗ ಮೆಕ್ಸಿಕನ್ ಅಂಗಡಿ ಅದಾವು, ಕಣಿವ್ಯಾಗ ದ್ರಾಕ್ಷಿ ಕೆಲಸ ಮಾಡೋರು ಬಹಳ ಮಂದಿ ಮೆಕ್ಸಿಕೋ ಮೂಲದವರು, ಹಂಗಾಗಿ ಊಟ ಖರೇನ ರುಚಿ ಇರ್ತದ. ಬೀನ್ಸ್ ಹಾಕಿದ ಬುರೀಟೋ ನೋಡಿ ಖುಷಿ ಪಡಬ್ಯಾಡ್ರಿ, ಬೀನ್ಸ್ ಹಂದಿ ಕೊಬ್ಬಿನಾಗ ಬೇಯಿಸಿರ್ತಾರ ಒಮ್ಮೊಮ್ಮೆ. "ಸಿನ್ ಮಾಂತೇಕಾ?" ಅಂದ್ರ ಹಂದಿ ಕೊಬ್ಬಿಲ್ಲದ್ದಾ ಅಂತ ಕೇಳ್ರಿ, ನಕ್ಕೋತ ಹೇಳ್ತಾರ.

ಚೀಸ್ ತಿಂತಾರಂದ್ರ ಬೂನ್‌ವಿಲ್‌ದಾಗ ಪೆನ್ನಿರಾಯಲ್ ಫಾರ್ಮ್ ಐತಿ, ಆಡು ಕುರಿ ಸಾಕ್ಯಾರ, ಅಲ್ಲೇ ಹಾಲು ಹಿಂಡಿ ಅಲ್ಲೇ ಚೀಸ್ ಮಾಡ್ತಾರ. ಹಾಲು ಹೆಪ್ಪಾಗ್ಲಿಕ್ಕ ಹಾಕೋ ರೆನೆಟ್ ಯಾವುದು ಹಾಕ್ತೀರಿ ಅಂತ ಕೌಂಟರಿನ್ಯಾಗ ಕೇಳ್ರಿ, ಕರುವಿನ ಹೊಟ್ಟಿಂದಾ, ಅಲ್ಲಂದ್ರ ಮೈಕ್ರೋಬಿಯಲ್ಲಾ ಅಂತ. ನಾಚ್ಕೋಬ್ಯಾಡ್ರಿ, ದಿನಾ ಯಾರರೇ ಕೇಳ್ತಿರ್ತಾರ ಅವರಿಗೆ.

ಆಮ್ಯಾಗ ನೀವ್ ಹೋಗೋದು ಅಕ್ಟೋಬರ್, ಅಂದ್ರ ಸೇಬಿನ ಕಾಲ! ದ್ರಾಕ್ಷಿ ಬರೂಕಿಂತ ಮೊದ್ಲ ಆ ಕಣಿವಿ ಸೇಬಿಂದು, ಕುರಿದು, ರೆಡ್‌ವುಡ್ ಕಟ್ಟಿಗಿದು. ಗೋವನ್ ಅನ್ನೋ ಮನೆತನದವರು 1876ರಿಂದ ಅಲ್ಲಿ ಬೆಳಿಲಿಕತ್ತಾರ, ಫೈಲೋ ದಾಟಿ ನವಾರೋ ಕಡೆ ಹೋಗುವಾಗ ರಸ್ತಿ ಬಾಜೂಕ ದೊಡ್ಡ ಓಕ್ ಗಿಡದ ಹತ್ರ ಅವರ ಹಣ್ಣಿನ ಅಂಗಡಿ ಐತಿ. ನೀವು ಸೂಪರ್ ಮಾರ್ಕೆಟ್ಟಿನ್ಯಾಗ ಹೆಸರೂ ಕೇಳಿರದ ಸೇಬು ಸಿಗ್ತಾವ. ತಂದು ಚಾಕು ಉಪ್ಪು ಖಾರ ತಗೊಂಡು ಕುಂತ್ರ ಮುಗೀತು, ಮಧ್ಯಾಹ್ನದ ಊಟನ ಬ್ಯಾಡ.

ಕಡಲತಡಿ

ಫೈಲೋದಲ್ಲಿ ಗ್ರೀನ್‌ವುಡ್ ರೋಡಿಗೆ ತಿರುಗಿ ನದಿ ಸೇತುವೆ ಹತ್ರ ಇನ್ನೊಂದು ಸೇಬಿನ ತೋಟ ಉಂಟು, ದಿ ಆಪಲ್ ಫಾರ್ಮ್ ಅಂತ. ರಸ್ತೆ ಬದಿ ಒಂದು ಶೆಡ್ಡು, ಜಾಮ್, ಚಟ್ನಿ, ಸೇಬು ಜೋಡಿಸಿಟ್ಟಿರ್ತಾರೆ, ಮನುಷ್ಯರು ಇರಲಿಕ್ಕಿಲ್ಲ. ಬೇಕಾದ್ದು ತಗೊಂಡು ದುಡ್ಡು ಹಾಕಿ ಬರುದು. ಚಿಲ್ಲರೆ ನೋಟು ಇಟ್ಕೊಂಡು ಹೋಗಿ ಮಾರಾಯ್ರೆ.

ಆ ತೋಟದ ಕಥೆ ಗೊತ್ತುಂಟಾ? ನಾಪಾದ ಯೌಂಟ್‌ವಿಲ್‌ನಲ್ಲಿ ಫ್ರೆಂಚ್ ಲಾಂಡ್ರಿ ಅಂತ ಲೋಕಪ್ರಸಿದ್ಧ ಹೋಟೆಲು ಉಂಟಲ್ಲ, ಅದನ್ನು ಶುರು ಮಾಡಿದ್ದು ಡಾನ್ ಮತ್ತು ಸ್ಯಾಲಿ ಶ್ಮಿಟ್ ದಂಪತಿ. 1994ರಲ್ಲಿ ಅದನ್ನು ಥಾಮಸ್ ಕೆಲ್ಲರಿಗೆ ಮಾರಿ ಅವರು ಬಂದು ಕೂತದ್ದು ಇದೇ ಫೈಲೋದ ಸೇಬಿನ ತೋಟದಲ್ಲಿ. ನಾಪಾ ಬೇಡ ಅಂತ ಹೇಳಿದವರಲ್ಲಿ ನೀವೇ ಮೊದಲಲ್ಲ!

ಸಂಜೆಮಲ್ಲಿಗೆ

ಹಹ ಇದನ್ನ ನಮ್ಮನೆಯವರಿಗೆ ಓದಿ ಹೇಳ್ದೆ.

ಅಪ್ಪಂಗೆ ಮರಗಳು ಅಂದ್ರೆ ಜೀವ. ರೆಡ್‌ವುಡ್ ಅಂತ ಎಲ್ರೂ ಅಂತಿದ್ದೀರ, ಜಾಸ್ತಿ ನಡೀದೆ ನೋಡೋಕಾಗತ್ತಾ?

ಬೆಟ್ಟದಾಚೆ

ಆಗತ್ತೆ. ಅದೇ ಗ್ರೀನ್‌ವುಡ್ ರೋಡಲ್ಲಿ, ಸೇಬಿನ ತೋಟಕ್ಕೆ ಹತ್ರದಲ್ಲೇ ಹೆಂಡಿ ವುಡ್ಸ್ ಸ್ಟೇಟ್ ಪಾರ್ಕ್ ಇದೆ. ಎರಡು ಹಳೇ ಕಾಡು, ಬಿಗ್ ಹೆಂಡಿ ಎಂಬತ್ತು ಎಕರೆ, ಲಿಟಲ್ ಹೆಂಡಿ ಇಪ್ಪತ್ತು ಎಕರೆ. ಯಾವತ್ತೂ ಕೊಡಲಿ ಬೀಳದೆ ಉಳಿದ ಮರಗಳು. ಕೆಲವು ಮುನ್ನೂರು ಅಡಿ ಮೇಲಿವೆ, ಸಾವಿರ ವರ್ಷ ದಾಟಿರೋವೂ ಇವೆ. ಬಿಗ್ ಹೆಂಡಿಲಿ ಸಮತಟ್ಟಾದ ಸಣ್ಣ ದಾರಿ ಇದೆ, ವೀಲ್‌ಚೇರೂ ಹೋಗತ್ತೆ, ಅಪ್ಪ ಆರಾಮಾಗಿ ಸುತ್ತು ಹಾಕ್ಬಹುದು. ಪಾರ್ಕಿಂಗಿಗೆ ದಿನದ ಫೀಸ್ ಇದೆ.

ಸುತ್ತಮುತ್ತಲ ಬೆಟ್ಟಗಳ ಮರ ಎಲ್ಲಾ ಎಲ್ಲಿ ಹೋಯ್ತು ಅಂದ್ರೆ, ಎರಡನೇ ಮಹಾಯುದ್ಧ ಆದ್ಮೇಲೆ ಮನೆ ಕಟ್ಟೋ ಭರಾಟೆಲಿ ಕಣಿವೆ ತುಂಬಾ ಸಾಮಿಲ್ಲುಗಳು ಬಂದ್ವು. ಮರ ಮುಗೀತು, ಮಿಲ್ಲುಗಳೂ ಹೋದ್ವು. ಅದನ್ನ ಅಪ್ಪಂಗೆ ಮೊದ್ಲೇ ಹೇಳಿ ಕರ್ಕೊಂಡು ಹೋಗಿ, ಆ ಎಂಬತ್ತು ಎಕರೆ ಬೇರೆ ಥರ ಕಾಣತ್ತೆ.

ದಾರಿ ಬಿಟ್ಟು ಪೊದೆಗೆ ಹೋಗ್ಬೇಡಿ, ಪಾಯ್ಸನ್ ಓಕ್ ಇದೆ, ಮೂರು ಮೂರು ಎಲೆ, ಅಕ್ಟೋಬರಲ್ಲಿ ಕೆಂಪಗೆ ಚಂದ ಕಾಣತ್ತೆ, ಮುಟ್ಟಿದ್ರೆ ಮುಗೀತು ಕಥೆ.

ಮೌನಿ

ಹೆಂಡಿ ವುಡ್ಸಲ್ಲಿ ಗುಡಿಸಲು ನೋಡಿ. ರಷ್ಯಾ ಮೂಲದ ಒಬ್ಬ ಮನುಷ್ಯ ವರ್ಷಗಟ್ಟಲೆ ಆ ಕಾಡಲ್ಲೇ ಒಂಟಿಯಾಗಿದ್ದ. ಹೆಂಡಿ ಹರ್ಮಿಟ್ ಅಂತ ಕರೀತಿದ್ರು.

ದಾರಿಹೋಕ

ಅಲ್ಲಿ ಬೂಂಟ್‌ಲಿಂಗ್ ಅಂತ ಅವರದ್ದೇ ಭಾಷೆ ಇದೆಯಂತೆ, ಬೂನ್‌ವಿಲ್ ಬಿಟ್ರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಯಾರಾದ್ರೂ ಕೇಳಿದ್ದೀರಾ? ಹೋಗಿ ಯಾರನ್ನಾದ್ರೂ ಮಾತಾಡಿಸಿ ವಿಡಿಯೋ ಮಾಡ್ಬೇಕು ಅಂತ ನಂಗೆ ತುಂಬಾ ದಿನದಿಂದ ಆಸೆ.

ಬೆಟ್ಟದಾಚೆ

ದಯವಿಟ್ಟು ಆ ಕೆಲಸ ಮಾಡ್ಬೇಡಿ 🙏

19ನೇ ಶತಮಾನದ ಕೊನೇಲಿ ಹುಟ್ಟಿದ ಒಳಮಾತು ಅದು, ಸಾವಿರಕ್ಕೂ ಹೆಚ್ಚು ಪದ ಇತ್ತು, ಹೊರಗಿನೋರಿಗೆ ಅರ್ಥ ಆಗಬಾರದು ಅನ್ನೋದೇ ಅದರ ಮಜಾ. ಅರ್ಧಕ್ಕರ್ಧ ಊರವರ ಅಡ್ಡಹೆಸರು, ಊರವರ ಗುಟ್ಟು. ಚೆನ್ನಾಗಿ ಮಾತಾಡೋರು ಈಗ ಬೆರಳೆಣಿಕೆ, ಅವರೆಲ್ಲಾ ವಯಸ್ಸಾದೋರು. ಬರೋ ಪ್ರತಿ ಟೂರಿಸ್ಟೂ ಅಂಗಡೀಲಿ ಕೌಂಟರ್ ಹತ್ರ ನಿಂತಿರೋ ಹುಡುಗಿನ "ಬೂಂಟ್‌ಲಿಂಗಲ್ಲಿ ಏನಾದ್ರೂ ಹೇಳು" ಅಂದ್ರೆ ಅವಳೇನು ಮಾಡ್ಬೇಕು? ಅವಳ ಮನೆ ಮಾತು ಸ್ಪ್ಯಾನಿಷ್ ಇರಬಹುದು. ಬೂನ್‌ವಿಲ್ಲಿನ ಬ್ರೂವರಿ ಬಾಟಲಿ ಮೇಲೆ, ಹಳೇ ಬೋರ್ಡುಗಳಲ್ಲಿ ಒಂದೆರಡು ಪದ ಸಿಗ್ತವೆ, ಅಲ್ಲಿ ಓದಿ ಸಂತೋಷ ಪಡಿ.

ದಾರಿಹೋಕ

ಸರಿ ಸರಿ. ಆದ್ರೂ ಒಂದು ಮಾತು ಅಕ್ಕ, ಬೇಜಾರಾಗ್ಬೇಡಿ. ವಾರ ಪೂರ್ತಿ ಕೆಲಸ ಮಾಡಿ ಒಂದು ದಿನ ಆಚೆ ಹೋಗೋರಿಗೆ ಇಷ್ಟೊಂದು ನಿಯಮ ಹೇಳಿದ್ರೆ ಯಾರು ಬರ್ತಾರೆ? ಅಲ್ಲಿನ ಹೋಟೆಲು, ವೈನರಿ, ಹಣ್ಣಿನಂಗಡಿ ನಡೀತಿರೋದು ನಮ್ಮಂಥೋರ ದುಡ್ಡಿಂದ ತಾನೇ? ಸಾಮಿಲ್ಲು ಹೋಯ್ತು ಅಂತ ನೀವೇ ಬರೆದ್ರಿ. ಟೂರಿಸ್ಟ್ ಬರದೆ ಇದ್ರೆ ಆ ಊರಿಗೆ ಉಳಿಯೋದೇನು?

ಬೆಟ್ಟದಾಚೆ

ನ್ಯಾಯವಾದ ಪ್ರಶ್ನೆ, ತಮಾಷೆ ಅಲ್ಲ. ದುಡ್ಡು ಬರತ್ತೆ, ಒಪ್ಪಿದೆ. ಆದ್ರೆ ಆ ದುಡ್ಡು ಬರೋ ದಾರಿಲೇ ಬಾಡಿಗೆ ಮನೆಗಳು ವೀಕೆಂಡ್ ಮನೆಗಳಾಗಿ ಹೋಗ್ತವೆ, ದ್ರಾಕ್ಷಿ ಕೊಯ್ಯೋನಿಗೆ, ಸ್ಕೂಲ್ ಟೀಚರಿಗೆ ಮನೆ ಸಿಗಲ್ಲ, ಅವರು ಯುಕಾಯದಿಂದ ದಿನಾ ಆ ಬೆಟ್ಟ ಹತ್ತಿ ಇಳೀತಾರೆ. ಬೇಸಿಗೆಲಿ ನವಾರೋ ನದಿ ಸಣ್ಣ ತೊರೆ ಆಗಿಬಿಡತ್ತೆ, ಸಾಮನ್, ಸ್ಟೀಲ್‌ಹೆಡ್ ಮೀನಿಗೆ ನೀರಿಲ್ಲ, ದ್ರಾಕ್ಷಿಗೂ ನೀರು ಬೇಕು. ಏಪ್ರಿಲಲ್ಲಿ ಚಿಗುರಿಗೆ ಇಬ್ಬನಿ ಹೆಪ್ಪುಗಟ್ಟಬಾರದು ಅಂತ ತೋಟದಲ್ಲಿ ದೊಡ್ಡ ದೊಡ್ಡ ಫ್ಯಾನ್ ಹಾಕ್ತಾರೆ, ನಡುರಾತ್ರಿ ಹೆಲಿಕಾಪ್ಟರ್ ಇಳಿದಂಗೆ ಸದ್ದು. ಅದರ ಮೇಲೆ ಊರೊಳಗೇ ಜಗಳ ಆಗಿದೆ. ವೈನಿಂದಲೇ ಸಂಬಳ ತಗೊಳ್ಳೋನೂ ರಾತ್ರಿ ನಿದ್ದೆ ಇಲ್ಲ ಅಂತ ಬೈತಾನೆ. ಎರಡೂ ನಿಜ.

ಬರಬೇಡಿ ಅಂತ ನಾನು ಹೇಳ್ಲೇ ಇಲ್ಲ. ಒಂದು ದಿನದಲ್ಲಿ ಏಳು ಕಡೆ ಓಡಿ ಸಂಜೆಗೆ ಮಾಯ ಆಗೋ ಬದಲು ಒಂದು ರಾತ್ರಿ ಅಲ್ಲೇ ಉಳೀರಿ, ಹಣ್ಣು ತಗೊಳ್ಳಿ, ಊರಿನ ಹೋಟೆಲಲ್ಲಿ ತಿನ್ನಿ, ವೈನ್ ಮಾಡೋನ ಹತ್ರ ನಿಂತು ಹತ್ತು ನಿಮಿಷ ಮಾತಾಡಿ. ವಾರದ ಮಧ್ಯೆ ಬಂದ್ರೆ ಇನ್ನೂ ಒಳ್ಳೇದು, ಅವರಿಗೂ ಪುರುಸೊತ್ತಿರತ್ತೆ.

ಪಿನೋಪ್ರಿಯ

ಇದಕ್ಕೆ ನನ್ನ ಓಟು. ಕೊಯ್ಲಿನ ಕಾಲದಲ್ಲಿ ಹೋಗೋರು ಇನ್ನೊಂದು ನೆನಪಿಟ್ಕೊಳ್ಳಿ. ಸ್ಪಾರ್ಕ್ಲಿಂಗಿಗೆ ಆಗಸ್ಟಲ್ಲೇ ಕೊಯ್ಲು ಶುರು, ಪಿನೋ ಸೆಪ್ಟೆಂಬರಲ್ಲಿ, ತಡವಾದ ತಳಿಗಳು ಅಕ್ಟೋಬರ್ ತನಕ ಇರ್ತವೆ. ರಾತ್ರಿ ತಂಪಲ್ಲಿ ಹಣೆಗೆ ದೀಪ ಕಟ್ಕೊಂಡು ಕೊಯ್ತಾರೆ, ಬೆಳಿಗ್ಗೆ ಹೊತ್ತಿಗೆ ಹಣ್ಣು ವೈನರಿ ಸೇರಿರಬೇಕು. ಟ್ರ್ಯಾಕ್ಟರು, ಹಣ್ಣಿನ ಲಾರಿ ರಸ್ತೇಲಿ ನಿಧಾನ ಹೋಗ್ತಿದ್ರೆ ಹಾರ್ನ್ ಹೊಡೀಬೇಡಿ. ಬಳ್ಳಿ ಸಾಲೊಳಗೆ ಹೋಗಿ ಹಣ್ಣು ಕಿತ್ತು ಬಾಯಿಗೆ ಹಾಕ್ಕೊಳೋದು, ಫೋಟೋಗೆ ಬಳ್ಳಿ ಬಗ್ಗಿಸೋದು, ಇದೆಲ್ಲಾ ಬೇಡ, ಅವರ ವರ್ಷದ ಬೆಳೆ ಅದು.

ಹೊಗೆ ಬಂದ ವರ್ಷ ಅಂತೂ ಕೇಳ್ಬೇಡಿ. 2008ರ ಜೂನಲ್ಲಿ ಮೆಂಡಸೀನೋ ಬೆಟ್ಟಗಳಿಗೆ ಸಿಡಿಲು ಬಡಿದು ಕಾಡ್ಗಿಚ್ಚು ಹತ್ತಿ ಕಣಿವೆ ತುಂಬಾ ಹೊಗೆ ನಿಂತಿತ್ತು, ಆ ವರ್ಷದ ಸುಮಾರು ಪಿನೋಗಳಲ್ಲಿ ಬೂದಿ ವಾಸನೆ. ಪಿನೋ ಸಿಪ್ಪೆ ತೆಳು, ಹೊಗೆ ಬೇಗ ಹಿಡಿಯತ್ತೆ. ಟೇಸ್ಟಿಂಗ್ ರೂಮಲ್ಲಿ ಈ ವರ್ಷ ಹೆಂಗಿತ್ತು ಅಂತ ಕೇಳಿ ನೋಡಿ, ಪುಸ್ತಕದಲ್ಲಿ ಇಲ್ದಿರೋ ಪಾಠ ಸಿಗತ್ತೆ.

ಕಡಲತಡಿ

ಅಮ್ಮನ ವಾಂತಿ ವಿಷಯ ಎಲ್ಲರೂ ಮರೆತದ್ದಾ? ನನ್ನ ಹೆಂಡತಿಗೂ ಅದೇ ಪಂಚಾಯ್ತಿ, ಹಾಗಾಗಿ ಹೇಳ್ತೇನೆ.

128ರಲ್ಲಿ ಕ್ಲೋವರ್‌ಡೇಲಿಂದ ಹೊರಟ ಕೂಡಲೇ ಹತ್ತು ಹದಿನೈದು ಮೈಲಿ ತಿರುವು ಜೋರು. ಯಾರ್ಕ್‌ವಿಲ್ ದಾಟಿದ ಮೇಲೆ ಸ್ವಲ್ಪ ಸಮಾಧಾನ, ಬೂನ್‌ವಿಲ್‌ನಿಂದ ನವಾರೋ ವರೆಗೆ ಕಣಿವೆ ಅಗಲ ಉಂಟು, ರಸ್ತೆ ನೇರ. ಅಮ್ಮನನ್ನು ಮುಂದಿನ ಸೀಟಲ್ಲಿ ಕೂರಿಸಿ, ಫೋನ್ ನೋಡ್ಲಿಕ್ಕೆ ಕೊಡ್ಬೇಡಿ, ಮಾತ್ರೆ ಕ್ಲೋವರ್‌ಡೇಲಿಗೆ ಅರ್ಧ ಗಂಟೆ ಮೊದಲೇ ಕೊಡಿ, ತಿರುವು ಶುರು ಆದ ಮೇಲೆ ಕೊಟ್ಟು ಪ್ರಯೋಜನ ಇಲ್ಲ. 253 ಇನ್ನೂ ಕಡಿದು. ಬೂನ್‌ವಿಲ್‌ನಿಂದ ಮ್ಯಾಂಚೆಸ್ಟರಿಗೆ ಮೌಂಟನ್ ವ್ಯೂ ರೋಡ್ ಅಂತ ಮ್ಯಾಪ್ ತೋರಿಸಿದ್ರೆ ನಂಬಬೇಡಿ, ಹೆಸರು ಮಾತ್ರ ಚಂದ, ಅದು ಹಾವು ಸತ್ತು ಬಿದ್ದ ಹಾಗೆ ಉಂಟು.

ನೀವು ನಿಧಾನ ಹೋಗ್ತೀರಿ, ಒಳ್ಳೆಯದೇ, ಆದರೆ ಹಿಂದೆ ಐದು ಗಾಡಿ ಸಾಲು ನಿಂತ್ರೆ ಟರ್ನೌಟಿಗೆ, ಅಂದ್ರೆ ರಸ್ತೆ ಬದಿಯ ಅಗಲ ಜಾಗಕ್ಕೆ ಹಾಕಿ ದಾರಿ ಬಿಡಬೇಕು. ಇದು ಮರ್ಯಾದೆ ಮಾತ್ರ ಅಲ್ಲ, ಕಾನೂನೇ ಹಾಗೆ. ಅಲ್ಲಿಯವರು ಹೊರಗಿನವರನ್ನು ಬೈಯುದು ವೈನ್ ಕುಡಿದದ್ದಕ್ಕಲ್ಲ, ಇದಕ್ಕೇ. ಪೆಟ್ರೋಲು ಕ್ಲೋವರ್‌ಡೇಲಲ್ಲೇ ತುಂಬಿಸಿ, ಮ್ಯಾಪ್ ಅಲ್ಲೇ ಡೌನ್‌ಲೋಡ್ ಮಾಡಿ.

ಜೋಳದರೊಟ್ಟಿ

ಶುಂಠಿ ತುಣುಕು ಬೆಲ್ಲ ಹಚ್ಚಿ ಬಾಯಾಗ ಇಟ್ಕೋಳಾಕ ಹೇಳ್ರಿ ಅಮ್ಮಾರಿಗೆ.

ಸಂಜೆಮಲ್ಲಿಗೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಮಾಹಿತಿ ನಿರೀಕ್ಷೆನೇ ಇರಲಿಲ್ಲ. ಈಗ ಹೀಗೆ ಅಂದ್ಕೊಂಡಿದ್ದೀವಿ, ತಪ್ಪಿದ್ರೆ ತಿದ್ದಿ. ಬುಧವಾರ ಹೊರಟು ಮಧ್ಯಾಹ್ನ ಬೂನ್‌ವಿಲ್, ಚೀಸ್ ಫಾರ್ಮು, ಅಲ್ಲೇ ರಾತ್ರಿ. ಗುರುವಾರ ಬೆಳಿಗ್ಗೆ ಮಂಜು ಇರುವಾಗಲೇ ಹೆಂಡಿ ವುಡ್ಸ್, ಸೇಬಿನ ತೋಟ, ಆಮೇಲೆ ನವಾರೋ ವಿನ್‌ಯಾರ್ಡ್ಸ್ ಒಂದು, ಹಷ್ ಒಂದು, ನಾನು ಕುಡಿಯೋದು ನಮ್ಮನೆಯವರು ಡ್ರೈವ್ ಮಾಡೋದು (ಇದು ನನ್ನ ತೀರ್ಮಾನ, ಅವರಿಗೆ ಇನ್ನೂ ಹೇಳಿಲ್ಲ). ಸಂಜೆಗೆ ಸಮುದ್ರ. ರೋಡರರ್ ಬಿಟ್ಟಿದ್ದು ಸ್ವಲ್ಪ ಹೊಟ್ಟೆ ಉರಿ, ಪರವಾಗಿಲ್ಲ.

ಪಿನೋಪ್ರಿಯ

ಪ್ಲಾನ್ ಚೆನ್ನಾಗಿದೆ. ರೋಡರರ್ ಬಾಟಲಿ ಬೇ ಏರಿಯಾದ ಅಂಗಡಿಗಳಲ್ಲಿ ಸಲೀಸಾಗಿ ಸಿಗತ್ತೆ, ಹೊಟ್ಟೆ ಉರಿ ಬೇಡ. ಹಷ್ ಮತ್ತು ನವಾರೋ ಹತ್ರ ಹತ್ರದಲ್ಲೇ ಇವೆ. ನವಾರೋದಲ್ಲಿ ಕಳೆ ತಿನ್ನೋಕೆ ಬೇಬಿಡಾಲ್ ಅಂತ ಕುಳ್ಳ ಕುರಿಗಳನ್ನ ಬಳ್ಳಿ ಮಧ್ಯೆ ಬಿಡ್ತಾರೆ, ಕುಳ್ಳಗಿರೋದ್ರಿಂದ ಬಳ್ಳಿಗೆ ಬಾಯಿ ಎಟುಕಲ್ಲ. ಹಣ್ಣಿರೋ ಕಾಲದಲ್ಲಿ ಸಾಲೊಳಗೆ ಇರಲ್ಲ, ಎಲ್ಲಾದ್ರೂ ಬೇಲಿ ಆಚೆ ಕಂಡ್ರೆ ಅಪ್ಪಂಗೆ ತೋರ್ಸಿ.

ಹೊಸಬ

ಥ್ರೆಡ್ ಓದ್ತಾ ಕೂತಿದ್ದೆ, ಒಂದು ಪ್ರಶ್ನೆ. ನಾವು ಫೆಬ್ರವರಿಲಿ ವೈಟ್ ವೈನ್ ಫೆಸ್ಟಿವಲಿಗೆ ಹೋಗ್ಬೇಕು ಅಂತಿದ್ದೀವಿ, ರೂಮ್ ಮೆಂಡಸೀನೋ ಹಳ್ಳಿಲಿ ಸಮುದ್ರದ ಹತ್ರ ಮಾಡಿದ್ರೆ ದಿನಾ ಬೂನ್‌ವಿಲ್ಲಿಗೆ ಓಡಾಡೋಕೆ ಕಷ್ಟ ಆಗತ್ತಾ?

ಬೆಟ್ಟದಾಚೆ

ಮಳೆ ಇಲ್ದಿದ್ರೆ ಗಂಟೆ ಮೇಲೆ ಸ್ವಲ್ಪ. ಜೋರು ಮಳೆ ಬಂದ್ರೆ ಆಗೋದೇ ಇಲ್ಲ. ನವಾರೋ ನದಿ ಸಮುದ್ರ ಸೇರೋ ಕಡೆ 128 ನೀರಿನ ಮಟ್ಟಕ್ಕೇ ಇದೆ, ಮಳೆಗಾಲದಲ್ಲಿ ನದಿ ಉಕ್ಕಿದ್ರೆ ರಸ್ತೆ ಮುಚ್ತಾರೆ. ತಮಾಷೆ ಏನಂದ್ರೆ ಒಮ್ಮೊಮ್ಮೆ ಮಳೆ ಕಮ್ಮಿ ಇದ್ರೂ ಮುಳುಗತ್ತೆ, ಅಲೆಗಳು ನದಿ ಬಾಯಿಗೆ ಮರಳಿನ ದಿಬ್ಬ ಕಟ್ಟಿಬಿಡ್ತವೆ, ನೀರಿಗೆ ಹೋಗೋಕೆ ದಾರಿ ಇಲ್ದೆ ಹಿಂದಕ್ಕೆ ತುಂಬ್ಕೊಳತ್ತೆ. ದಿಬ್ಬ ಒಡೆಯೋ ತನಕ ಕಾಯ್ಬೇಕು.

ಹೊಸಬ

ಹಂಗಾದ್ರೆ ಸುತ್ತು ದಾರಿ ಇದೆಯಾ?

ಕಡಲತಡಿ

ಉಂಟು. ಫೈಲೋದಿಂದ ಗ್ರೀನ್‌ವುಡ್ ರೋಡಲ್ಲಿ ಎಲ್ಕ್ ಅಂತ ಸಣ್ಣ ಊರಿಗೆ ಇಳೀಬಹುದು, ಇಲ್ಲದಿದ್ರೆ ನವಾರೋ ಹತ್ರ ಫ್ಲಿನ್ ಕ್ರೀಕ್ ರೋಡ್ ಹಿಡಿದು ಕಾಂಪ್ಚಿ ಮೇಲೆ ಮೆಂಡಸೀನೋ. ಎರಡೂ ಸಪೂರ, ಎರಡೂ ಕಾಡು, ರಾತ್ರಿ ಮಳೆಯಲ್ಲಿ ಹೊಸಬರಿಗೆ ಹೇಳಿದ್ದಲ್ಲ. ಮರ ಬಿದ್ದಿದ್ರೆ ಅಲ್ಲೇ ಬಾಕಿ.

ಬೆಟ್ಟದಾಚೆ

ಅದಕ್ಕೇ ಫೆಬ್ರವರಿಲಿ ರೂಮನ್ನ ಬೂನ್‌ವಿಲ್ ಅಥ್ವಾ ಫೈಲೋದಲ್ಲೇ ಮಾಡಿ, ಹಬ್ಬದ ವಾರ ಬೇಗ ತುಂಬತ್ತೆ, ಈಗಲೇ ವಿಚಾರಿಸಿ. ಸಮುದ್ರಕ್ಕೆ ಹೋಗೋ ದಿನ ಬೆಳಿಗ್ಗೆ ರಾಜ್ಯದ ರಸ್ತೆ ಇಲಾಖೆಯ ಆನ್‌ಲೈನ್ ಮ್ಯಾಪ್, ಕ್ಯಾಲ್‌ಟ್ರಾನ್ಸ್ ಕ್ವಿಕ್‌ಮ್ಯಾಪ್ ತೆಗೆದು 128 ಓಪನ್ ಇದೆಯಾ ನೋಡಿ. ಆ ಹೊತ್ತಿಗೆ ಸಿಗ್ನಲ್ ಇಲ್ದಿದ್ರೆ ಕಾರಿನ ರೇಡಿಯೋದಲ್ಲಿ 90.7 ಎಫ್‌ಎಂ ಹಾಕಿ, ಕೆಜೆಡ್‌ವೈಎಕ್ಸ್, ಮೆಂಡಸೀನೋ ಕೌಂಟಿಯ ಸಾರ್ವಜನಿಕ ರೇಡಿಯೋ. ರಸ್ತೆ ಮುಚ್ಚಿದ್ರೆ ಹೇಳ್ತಾರೆ, ಹಾಗೇ ಯಾರದ್ದೋ ಆಡು ತಪ್ಪಿಸ್ಕೊಂಡಿದ್ರೂ ಹೇಳ್ತಾರೆ.